ಗುಟ್ಟು ಇರುವುದು ಮೂರನೇ ಅಧ್ಯಾಯದಲ್ಲಿ

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯವಳು, ಬ್ಯಾಂಕಿನಲ್ಲಿ ಕೆಲಸ. ಹದಿಹರೆಯದವರಿಗಾಗಿ ಮೊದಲ ಕಾದಂಬರಿ ಬರೆದಿದ್ದೇನೆ. ಕಾಲ 2005. ಒಂದೇ ಬಿಲ್ಡಿಂಗಿನಲ್ಲಿರುವ, ಹತ್ತನೇ ತರಗತಿಯ ಇಬ್ಬರು ಕನ್ನಡದ ಹುಡುಗಿಯರು. ಕಥೆ ಹೇಳುವವಳು ಉಡುಪಿ ಕಡೆಯ ಶೈಲಾ. ಅವಳ ಗೆಳತಿ ಧಾರವಾಡ ಕಡೆಯ ರೇಣುಕಾ. ರೇಣುಕಾಳ ತೋಳಿನಲ್ಲಿ ತೊನ್ನು ಶುರುವಾಗಿದೆ, ಅದು ಶೈಲಾಳಿಗೆ ಮಾತ್ರ ಗೊತ್ತು. ಶೈಲಾ ಅಸೂಯೆಯಿಂದ ಬೇರೆಯವರೆದುರು ಬಾಯಿಬಿಡುತ್ತಾಳೆ. ಜುಲೈ 26ರ ಮಳೆಯಲ್ಲಿ ಎಲ್ಲರ ಮುಂದೆ ಗುಟ್ಟು ಬಯಲಾಗುತ್ತದೆ. ಕೊನೆಗೆ ಸೆಂಡ್-ಆಫ್ ದಿನ ರೇಣುಕಾ ವೇದಿಕೆ ಹತ್ತಿ, ಬಟ್ಟೆಯ ತೋಳು ಮೇಲೆ ಮಡಚಿ, ‘ನಾನು ಇರುವುದೇ ಹೀಗೆ’ ಎಂದು ಮಾತಾಡುತ್ತಾಳೆ. ಓದಿದ ನಾಲ್ವರೂ ‘ಕೊನೆ ಭಾಷಣದ ಹಾಗಿದೆ’ ಅಂದರು. ಎಲ್ಲಿ ತಪ್ಪಿದ್ದೇನೆ? ಹಸ್ತಪ್ರತಿ ಜೊತೆಗಿದೆ.

ಉತ್ತರ:

ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ನಾನೂ ಆ ನಾಲ್ವರ ಹಾಗೆ ಕೊನೆಯ ಅಧ್ಯಾಯದಲ್ಲೇ ಎಡವಿದೆ. ಎರಡನೇ ಸಲ ಓದುವಾಗ ಮೂರನೇ ಅಧ್ಯಾಯದ ಎರಡು ಸಾಲಿನಲ್ಲಿ ನಿಂತುಬಿಟ್ಟೆ. ಒಂದು ಭಾನುವಾರ ರೇಣು ಶೈಲಾಳ ಮನೆಯಲ್ಲಿ ಕದ್ದು ಬಂಗುಡೆ ಮೀನಿನ ಸಾರು ಉಣ್ಣುತ್ತಾಳೆ, ಮನೆಗೆ ಹೋಗಿ ಅವ್ವ ಕೊಟ್ಟ ಹಾಲು ಕುಡಿಯುತ್ತಾಳೆ. ನೀವು ಇದನ್ನು ತಮಾಷೆಗೆಂದು ಬರೆದಿದ್ದೀರಿ. ಲಿಂಗಾಯತರ ಮನೆಯ ಹುಡುಗಿ ಮುಳ್ಳು ಬಿಡಿಸಲು ಬಾರದೆ ಒದ್ದಾಡುವುದು ನಗು ತರಿಸುತ್ತದೆ ಕೂಡ. ಆಮೇಲೆ ನೀವು ಆ ಊಟವನ್ನು ಮರೆತೇಬಿಟ್ಟಿರಿ. ನಾಲ್ಕನೇ ಅಧ್ಯಾಯದಲ್ಲಿ ರೇಣುವಿನ ಮೊಣಕೈ ಮೇಲೆ ಮೊದಲ ಬಿಳಿ ಮಚ್ಚೆ ಕಾಣಿಸಿಕೊಳ್ಳುತ್ತದೆ.

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ. ಈ ಮಾತನ್ನು ಕರಾವಳಿಯಲ್ಲೂ ಕೇಳಿದ್ದೇವೆ, ಧಾರವಾಡದಲ್ಲೂ ಕೇಳಿದ್ದೇವೆ, ಇಲ್ಲಿ ಮಹಾರಾಷ್ಟ್ರದಲ್ಲೂ ಕೇಳುತ್ತೇವೆ. ನಿಮ್ಮ ಇಬ್ಬರು ಹುಡುಗಿಯರ ಅಜ್ಜಿಯರಿಗೆ ಬೇರೆ ಯಾವ ವಿಷಯದಲ್ಲೂ ಒಮ್ಮತ ಇರಲಿಕ್ಕಿಲ್ಲ, ಇದರಲ್ಲಿ ಮಾತ್ರ ಇದ್ದೇ ಇರುತ್ತದೆ. ಈ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಪರಕೀಯವೆಂದು ತಿಳಿದು ನಾಶಮಾಡುವುದರಿಂದ ತೊನ್ನು ಬರುತ್ತದೆ. ಊಟಕ್ಕೂ ಅದಕ್ಕೂ ಸಂಬಂಧವಿಲ್ಲ, ಮುಟ್ಟಿದರೆ ಅಂಟುವುದಿಲ್ಲ. ಆದರೆ 2005ರಲ್ಲಿ ಹದಿನಾಲ್ಕು-ಹದಿನೈದರ ಈ ಇಬ್ಬರಿಗೆ ಅದನ್ನು ಯಾರು ಹೇಳಿದ್ದರು? ಮಚ್ಚೆ ಕಂಡ ದಿನ ಅವರು ಮಾಡುವ ಮೊದಲ ಕೆಲಸ ಕ್ಯಾಲೆಂಡರ್ ನೋಡುವುದು. ಆ ಭಾನುವಾರದಿಂದ ಇವತ್ತಿಗೆ ಎಷ್ಟು ದಿನ ಎಂದು ಎಣಿಸುವುದು.

ನಿಮ್ಮ ಕಾದಂಬರಿಯ ಗುಟ್ಟು ಇದು. ತೋಳಿನ ಮಚ್ಚೆಯನ್ನು ನೀವು ಗುಟ್ಟು ಅಂದುಕೊಂಡಿದ್ದೀರಿ. ಅದು ಇವತ್ತಲ್ಲ ನಾಳೆ ಯಾರ ಕಣ್ಣಿಗಾದರೂ ಬೀಳುವಂಥದ್ದು. ‘ಇದು ನನ್ನಿಂದ ಬಂತು’ ಎಂದು ಶೈಲಾ ಒಳಗೊಳಗೇ ನಂಬಿದ್ದಾಳಲ್ಲ, ‘ನಾನು ಮಾಡಿದ ಪಾಪಕ್ಕೆ ಬಂತು’ ಎಂದು ರೇಣು ನಂಬಿದ್ದಾಳಲ್ಲ, ಅದನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ಹೇಳಿದರೆ ಗೆಳೆತನ ಹೋದೀತು ಎಂಬ ಹೆದರಿಕೆ. ಮಚ್ಚೆಯ ಗುಟ್ಟನ್ನು ಇಬ್ಬರೂ ಸೇರಿ ಕಾಯುತ್ತಿದ್ದಾರೆ, ಮೀನಿನ ಗುಟ್ಟನ್ನು ಒಬ್ಬೊಬ್ಬರೇ ಹೊತ್ತಿದ್ದಾರೆ. ಈ ಎರಡನೆಯದು ಬರವಣಿಗೆಯಲ್ಲಿ ಇಲ್ಲದ್ದರಿಂದ ಶೈಲಾ ಬಾಯಿಬಿಡುವುದಕ್ಕೆ ನಿಮಗೆ ಕಾರಣ ಸಿಗಲಿಲ್ಲ. ಅಸೂಯೆ ಎಂದು ಬರೆದುಬಿಟ್ಟಿರಿ. ಅಷ್ಟು ದೂರ ಓದಿಕೊಂಡು ಬಂದ ನನಗೆ ಅವಳಲ್ಲಿ ಅಸೂಯೆ ಎಲ್ಲೂ ಕಂಡಿರಲಿಲ್ಲ.

ಅವಳು ಬಾಯಿಬಿಡುವ ದೃಶ್ಯವನ್ನು ಹೀಗೆ ಯೋಚಿಸಿ ನೋಡಿ. ತರಗತಿಯಲ್ಲಿ ಒಬ್ಬ ಹುಡುಗಿಯ ಅಣ್ಣ ಡಾಕ್ಟರಿಕೆ ಓದುತ್ತಿದ್ದಾನೆ. ಶೈಲಾ ಎಷ್ಟೋ ದಿನ ಯೋಚಿಸಿ, ಏನೂ ಅಲ್ಲವೆಂಬಂತೆ ಅವಳನ್ನು ಕೇಳುತ್ತಾಳೆ: ಮೀನು ತಿಂದು ಹಾಲು ಕುಡಿದರೆ ಅದು ನಿಜವಾಗಲೂ ಬರುತ್ತಾ, ನಿನ್ನ ಅಣ್ಣನನ್ನು ಕೇಳಿ ಹೇಳ್ತೀಯಾ? ಆ ಹುಡುಗಿ ತಿರುಗಿ ಒಂದೇ ಮಾತು ಕೇಳುತ್ತಾಳೆ. ‘ಕುಣಾಲಾ ಝಾಲಂಯ್?’ ಯಾರಿಗೆ ಬಂದಿದೆ? ಶೈಲಾ ಉತ್ತರ ಕೊಡುವುದಿಲ್ಲ. ಅರೆಕ್ಷಣ ತಡೆಯುತ್ತಾಳೆ, ಅಷ್ಟೆ. ಜೂನ್‌ನ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿಕೊಂಡು ಬರುತ್ತಿದ್ದವಳು ಇಡೀ ಕ್ಲಾಸಿನಲ್ಲಿ ಒಬ್ಬಳೇ. ಆ ಹುಡುಗಿಯ ಕಣ್ಣು ತಾನಾಗಿ ರೇಣುವಿನ ಬೆಂಚಿಗೆ ಹೋಗುತ್ತದೆ. ದ್ರೋಹ ಆಗಿಹೋಯಿತು, ಶೈಲಾ ಒಂದು ಮಾತೂ ಆಡಲಿಲ್ಲ. ‘ನಾನು ಹೇಳಲೇ ಇಲ್ಲ’ ಎಂದು ಅವಳು ಮುಂದೆ ನೂರು ಸಲ ತನಗೆ ತಾನೇ ಹೇಳಿಕೊಳ್ಳಬಹುದು, ಒಂದು ಸಲವೂ ಅದು ಒಳಗಿಳಿಯುವುದಿಲ್ಲ. ಆ ವಯಸ್ಸಿನಲ್ಲಿ ಗೆಳತಿಗೆ ಮೋಸವಾಗುವುದು ಬಹುಮಟ್ಟಿಗೆ ಹೀಗೇ. ಕೇಡು ಬಯಸಿ ಮಾಡುವವರು ಕಡಿಮೆ. ಹೊರಲಾರದೆ ಯಾರದೋ ಎದುರು ಒಂದಿಷ್ಟು ಇಳಿಸಲು ಹೋದವರೇ ಹೆಚ್ಚು.

ಸ್ವೆಟರಿನ ಬಗ್ಗೆ ಒಂದು ಮಾತು. ನಾನು ಮುಂಬಯಿಯ ಒಂದು ಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿದವಳು. ಒಂದು ಏಪ್ರಿಲ್‌ನಲ್ಲಿ ಸ್ವೆಟರ್ ಹಾಕಿ ಬಂದ ಹುಡುಗಿಯನ್ನು ಬೋರ್ಡಿನ ಮೇಲೆ ವಿಭಕ್ತಿ ಬರೆಯಲು ಕರೆದೆ. ಅವಳು ಬಲಗೈಯಲ್ಲಿ ಬರೆಯುತ್ತ ತೋಳಿನ ಅಂಚನ್ನು ಅದೇ ಕೈಯ ಕಿರುಬೆರಳು, ಉಂಗುರಬೆರಳಿನಿಂದ ಅಂಗೈಗೆ ಒತ್ತಿ ಹಿಡಿದಿದ್ದಳು. ಕೈ ಮೇಲೆತ್ತಿದರೂ ತೋಳು ಸರಿಯಬಾರದಲ್ಲ. ಹಿಡಿದು ಹಿಡಿದು ಆ ಉಣ್ಣೆಯ ಅಂಚು ಜೋಲುಬಿದ್ದು, ಸೀಮೆಸುಣ್ಣ ಮೆತ್ತಿ ಬೆಳ್ಳಗಾಗಿತ್ತು. ನಾನು ಅದನ್ನು ನೋಡಿದೆ, ‘ಸ್ವೆಟರ್ ತೆಗೆದು ಬರಿಯಮ್ಮ, ಸೆಕೆ’ ಅಂದೆ. ಇಪ್ಪತ್ತು ವರ್ಷ ದಾಟಿದರೂ ಆ ಮಾತು ನನಗೆ ಕೇಳಿಸುತ್ತಲೇ ಇದೆ. ನಿಮ್ಮ ಹಸ್ತಪ್ರತಿಯಲ್ಲಿ ರೇಣು ‘ತನ್ನ ತೋಳನ್ನು ಮುಚ್ಚಿಕೊಂಡಳು’ ಎಂದು ಹನ್ನೊಂದು ಕಡೆ ಇದೆ. ಅಷ್ಟು ಸಲ ಬೇಡ. ಆ ಜೋಲುಬಿದ್ದ ಅಂಚನ್ನು ಒಂದು ಸಲ ತೋರಿಸಿ.

ಇನ್ನು ಜುಲೈ 26. ಅಂದು ಮಂಗಳವಾರ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್‌ಗಳು ನಿಂತವು, ಜನ ಹಳಿಗಳ ಮೇಲೆ ನಡೆದರು, ನಿಮ್ಮ ಕಡೆ ಉಲ್ಹಾಸ್ ನದಿ ಉಕ್ಕಿ ಕಲ್ಯಾಣ್-ಬದ್ಲಾಪುರದ ತನಕ ನೀರು ನಿಂತಿತು. ಅಂಥ ದಿನವನ್ನು ನೀವು ಒಬ್ಬ ಹುಡುಗಿಯ ತೋಳು ಒದ್ದೆಯಾಗಿ ಮಚ್ಚೆ ಕಾಣಿಸಲಿ ಎಂದು ಕರೆಸಿದ್ದೀರಿ. ನನಗೆ ಅದು ಒಪ್ಪಿಗೆಯಾಗಲಿಲ್ಲ, ಕಾರಣ ಹೇಳುತ್ತೇನೆ. ಆ ರಾತ್ರಿ ನಾನು ಮನೆಗೆ ಹೋಗಲಾಗದ ಮೂವತ್ತು ಚಿಲ್ಲರೆ ಮಕ್ಕಳೊಂದಿಗೆ ಶಾಲೆಯಲ್ಲೇ ಉಳಿದಿದ್ದೆ. ಕರೆಂಟಿಲ್ಲ, ಫೋನ್ ಸತ್ತಿತ್ತು. ಎದುರಿನ ಅಂಗಡಿಯವರು ಕೊಟ್ಟ ಪಾರ್ಲೆ-ಜಿ ಪೊಟ್ಟಣಗಳನ್ನು ಎಣಿಸಿ ತಲಾ ನಾಲ್ಕು ಬಿಸ್ಕತ್ತು ಹಂಚಿದೆವು. ಬಿಸ್ಕತ್ತು ತೆಗೆದುಕೊಂಡ ಕೈ ಯಾವ ಬಣ್ಣದ್ದು ಎಂದು ಆ ರಾತ್ರಿ ಯಾರೂ ನೋಡಲಿಲ್ಲ.

ಆದ್ದರಿಂದ ಆ ಅಧ್ಯಾಯವನ್ನು ತಿರುವಿಹಾಕಿ. ಗುಟ್ಟು ಬಯಲಾಗುವ ದಿನ ಅದಾಗದಿರಲಿ. ಶಾಲೆಯಲ್ಲಿ ಸಿಕ್ಕಿಬಿದ್ದ ರೇಣು ಒದ್ದೆ ಸ್ವೆಟರನ್ನು ಕಳಚಿ ಡೆಸ್ಕಿನ ಮೇಲೆ ಹರವುತ್ತಾಳೆ. ಕತ್ತಲು, ಎಲ್ಲರಿಗೂ ಅವರವರ ಮನೆಯದೇ ಚಿಂತೆ. ಎಷ್ಟೋ ತಿಂಗಳ ಮೇಲೆ ಅವಳ ತೋಳಿಗೆ ಗಾಳಿ ತಾಗುತ್ತದೆ. ಪಕ್ಕದಲ್ಲಿ ಕೂತ ಶೈಲಾ ಅದನ್ನು ನೋಡುತ್ತಾಳೆ. ತಾನು ಮೂರು ದಿನದ ಹಿಂದೆ ಅರೆಕ್ಷಣ ತಡೆದದ್ದು ಈಗ ಅವಳಿಗೆ ಎಷ್ಟು ಸುಡಬಹುದು ಯೋಚಿಸಿ. ಗೆಳತಿ ನಿರಾಳವಾಗಿರುವ ಒಂದೇ ರಾತ್ರಿಯಲ್ಲಿ, ಶಾಲೆ ಮತ್ತೆ ತೆರೆದ ದಿನ ಏನು ಕಾದಿದೆ ಎಂದು ಗೊತ್ತಿರುವವಳು ಅವಳೊಬ್ಬಳೇ.

ಹಸ್ತಪ್ರತಿಯಲ್ಲಿ ಜುಲೈಯಿಂದ ಒಂದೇ ಜಿಗಿತಕ್ಕೆ ಫೆಬ್ರವರಿಗೆ ಬಂದಿದ್ದೀರಿ. ಭಾಷಣದಂತೆ ಕೇಳುವುದಕ್ಕೆ ಇನ್ನೊಂದು ಕಾರಣ ಅದೇ. ನಡುವಿನ ಏಳು ತಿಂಗಳಲ್ಲಿ ಆಗಬೇಕಾದದ್ದೆಲ್ಲ ಆಗದೆ ಉಳಿದು, ಪಾಪ, ಆ ಹುಡುಗಿ ಅಷ್ಟನ್ನೂ ವೇದಿಕೆಯ ಮೇಲೆ ಬಾಯಲ್ಲಿ ಹೇಳಬೇಕಾಗಿ ಬಂತು. ಆ ಏಳು ತಿಂಗಳಲ್ಲಿ ನಿಮ್ಮ ಊರಿನಲ್ಲೇ ಎಷ್ಟು ಸಿಗುತ್ತದೆ ನೋಡಿ. ದೀಪಾವಳಿಯ ಬೆಳಗ್ಗೆ ಡೊಂಬಿವಲಿಯ ಹುಡುಗ-ಹುಡುಗಿಯರೆಲ್ಲ ಹೊಸ ಬಟ್ಟೆ ಉಟ್ಟು ಗಣೇಶ ಮಂದಿರದ ಫಡ್ಕೆ ರೋಡಿಗೆ ಬಂದು ಸೇರುತ್ತಾರಲ್ಲ, ಈ ಸಲ ಶೈಲಾ ಒಬ್ಬಳೇ ಹೋಗಲಿ. ಜನರ ನಡುವೆ ನಿಂತು ‘ರೇಣು ಕುಠೇ?’, ರೇಣು ಎಲ್ಲಿ ಎಂದು ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳಲಿ. ಈಗ ಗುಟ್ಟು ಕಾಯಬೇಕಾದ ಅಗತ್ಯವೇ ಇಲ್ಲ, ಆದರೂ ಅವಳಿಗೆ ಕಾಯುವ ಅಭ್ಯಾಸ ಬಿಡದು.

ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗುವ ದಿನವನ್ನು ನೀವು ಒಂದು ಪ್ಯಾರಾದಲ್ಲಿ ಮುಗಿಸಿದ್ದೀರಿ. ಅಲ್ಲಿ ಕಾಯಿಲೆಯ ವಿವರವನ್ನೆಲ್ಲ ಡಾಕ್ಟರ ಬಾಯಿಂದ ಹೇಳಿಸಿದ್ದು ಜಾಸ್ತಿಯಾಯಿತು. ಅಂಥ ಓಪಿಡಿಯಲ್ಲಿ ಯಾವ ಡಾಕ್ಟರಿಗೂ ಅಷ್ಟು ಪುರುಸೊತ್ತಿಲ್ಲ. ಅವರು ಎರಡು ಮಾತು ಹೇಳಲಿ: ಊಟದಿಂದ ಬಂದದ್ದಲ್ಲ, ಯಾರಿಗೂ ಅಂಟುವುದಿಲ್ಲ. ಮುಲಾಮು ಬರೆದು ಕಳಿಸಲಿ. ಉಳಿದದ್ದನ್ನು ಹೋಗುವಾಗಿನ ರೈಲಿಗೆ ಬಿಡಿ. ಮೂವರ ಬೆಂಚಿನಲ್ಲಿ ನಾಲ್ಕನೆಯವಳಾಗಿ ಕೂರುವುದು ನಮ್ಮ ಲೇಡೀಸ್ ಡಬ್ಬಿಯ ಪದ್ಧತಿ. ಫೋರ್ತ್ ಸೀಟ್ ಕೇಳಿದರೆ ಮೂವರೂ ಒತ್ತಿಕೊಂಡು ಒಂದಿಷ್ಟು ಜಾಗ ಮಾಡುತ್ತಾರೆ, ಮೈಗೆ ಮೈ ತಾಗಿಯೇ ದಾದರ್ ತನಕ ಪಯಣ. ರೇಣು ಕೂರುತ್ತಾಳೆ, ಹಿಡಿಕೆಗೆ ಕೈ ಚಾಚಿದಾಗ ತೋಳು ಸರಿಯುತ್ತದೆ. ಪಕ್ಕದ ಹೆಂಗಸು ಏನೂ ಅನ್ನುವುದಿಲ್ಲ. ಅಷ್ಟು ಸಂದಣಿಯಲ್ಲಿ ಇಬ್ಬರ ನಡುವೆ ನಾಲ್ಕು ಬೆರಳು ಜಾಗ ಬಿಡುತ್ತದೆ. ಲೋಕಲ್‌ನಲ್ಲಿ ಓಡಾಡಿದ ಯಾವ ಓದುಗರಿಗೂ ಆ ನಾಲ್ಕು ಬೆರಳಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹದಿಹರೆಯದವರಿಗೆ ಲೋಕವೆಲ್ಲ ತಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಎಲ್‌ಕೈಂಡ್ 1967ರಲ್ಲಿ ಬರೆದರು. ಇಲ್ಲದ ಪ್ರೇಕ್ಷಕರನ್ನು ಮನಸ್ಸೇ ಕಟ್ಟಿಕೊಳ್ಳುತ್ತದೆ. ಮೊಡವೆ ಎದ್ದವಳಿಗೆ ‘ಯಾರೂ ನೋಡ್ತಿಲ್ಲ ಬಿಡೇ’ ಎಂದು ಸಮಾಧಾನ ಹೇಳಬಹುದು, ಅದು ನಿಜವೂ ಹೌದು. ರೇಣುವಿಗೆ ಹಾಗೆ ಹೇಳಿದರೆ ಸುಳ್ಳಾಗುತ್ತದೆ, ಅವಳನ್ನು ಕೆಲವರು ನಿಜವಾಗಿಯೂ ನೋಡುತ್ತಿದ್ದಾರೆ. ಶೈಲಾ ನಿಮ್ಮ ಏಳನೇ ಅಧ್ಯಾಯದಲ್ಲಿ ಆ ಸಮಾಧಾನವನ್ನೇ ಹೇಳುತ್ತಾಳೆ, ರೇಣು ಕಣ್ಣೊರೆಸಿಕೊಂಡು ನಗುತ್ತಾಳೆ. ಬೇಡ. ಅಲ್ಲಿ ರೇಣುವಿಗೆ ಸಿಟ್ಟು ಬರಲಿ. ಯಾವ ನೋಟ ತನ್ನ ಕಲ್ಪನೆ, ಯಾವುದು ನಿಜ ಎಂದು ಬೇರ್ಪಡಿಸಲು ಕಲಿಯುವುದರಲ್ಲೇ ಅವಳು ದೊಡ್ಡವಳಾಗುತ್ತಾಳೆ. ಅದಕ್ಕೆ ಗೆಳತಿಯ ಸಿಹಿಮಾತು ಅಡ್ಡಿ.

ಮಾತಿನ ವಿಷಯ ಬಂತು. ‘ಗೆಳತಿ, ನಿನ್ನ ನೋವು ನನಗೆ ಅರ್ಥವಾಗುತ್ತದೆ’ ಎಂದು ಡೊಂಬಿವಲಿಯ ಹದಿನೈದರ ಹುಡುಗಿ ಹೇಳುವುದಿಲ್ಲ. ಅವಳ ಬಾಯಲ್ಲಿ ಉಡುಪಿಯ ಕನ್ನಡ, ಬಿಲ್ಡಿಂಗಿನ ಮರಾಠಿ, ಟೀವಿಯ ಹಿಂದಿ ಮೂರೂ ಇವೆ. ನಿಮಗೆ ಇದು ಗೊತ್ತಿಲ್ಲವೆಂದಲ್ಲ. ಇಡೀ ಹಸ್ತಪ್ರತಿಯಲ್ಲಿ ನನಗೆ ಅತ್ಯಂತ ಹಿಡಿಸಿದ ಅರ್ಧ ಪುಟ ಈ ಭಾಷೆಗಳು ಡಿಕ್ಕಿ ಹೊಡೆಯುವ ಕಡೆಯೇ ಇದೆ. ಶೈಲಾ ಚಿಕ್ಕವಳಿದ್ದಾಗ ಕೆಳಮನೆಯ ಕಾಕು ಯಾರದೋ ಮದುವೆಯ ಹುಡುಗಿಯ ಬಗ್ಗೆ ದನಿ ತಗ್ಗಿಸಿ ‘ತಿಲಾ ಕೋಡ್ ಆಹೇ’ ಅನ್ನುತ್ತಾಳೆ. ಮರಾಠಿಯಲ್ಲಿ ತೊನ್ನಿಗೆ ಕೋಡ್ ಅನ್ನುತ್ತಾರೆ ಎಂದು ಮಗುವಿಗೆ ಗೊತ್ತಿಲ್ಲ. ಕನ್ನಡದ ಕೋಡು ಅಂದುಕೊಂಡು, ಮದುವೆ ಮನೆಯಲ್ಲಿ ಆ ಮದುಮಗಳ ಹಿಂದೆ ನಿಂತು ಹೂವಿನ ದಂಡೆಯ ನಡುವೆ ಕೊಂಬು ಎಲ್ಲಿದೆ ಎಂದು ಹುಡುಕುತ್ತಾಳೆ. ಎಂಥ ಚೆಂದದ ತುಣುಕು! ನೀವು ಅದನ್ನು ಅಲ್ಲೇ ಬಿಟ್ಟು ಬಂದಿರಿ.

ಅದನ್ನು ಮತ್ತೆ ತನ್ನಿ. ಈ ಕಥೆಯನ್ನು ಶೈಲಾ ರೇಣುವಿಗೆ ಹಿಂದೆಯೇ ಹೇಳಿರಲಿ, ಇಬ್ಬರೂ ಬಿದ್ದು ಬಿದ್ದು ನಕ್ಕಿರಲಿ. ಆ ಇಡೀ ಬಿಲ್ಡಿಂಗಿನಲ್ಲಿ ಅದು ಅರ್ಥವಾಗುವುದು ಅವರಿಬ್ಬರಿಗೆ ಮಾತ್ರ. ಮನೆಯಲ್ಲಿ ‘ತೊನ್ನು’ ಎಂಬುದನ್ನು ಬಾಗಿಲು ಹಾಕಿಕೊಂಡು ಆಡುತ್ತಾರೆ, ಹೊರಗೆ ‘ಕೋಡ್’ ಎಂದು ದನಿ ತಗ್ಗಿಸಿ ಆಡುತ್ತಾರೆ. ಹಳೆಯವರು ಶ್ವೇತಕುಷ್ಠ ಅಂದರೆ ಕೇಳಿದವರಿಗೆ ಕುಷ್ಠರೋಗದ ಭಯ ಸುಮ್ಮನೆ ಅಂಟಿಕೊಳ್ಳುತ್ತದೆ, ಎರಡಕ್ಕೂ ಏನೇನೂ ಸಂಬಂಧವಿಲ್ಲದಿದ್ದರೂ. ಶಾಲೆಯ ಹುಡುಗರು ‘ಮೈಕಲ್’ ಎಂದು ಕೂಗಬಹುದು. ಮೈಕಲ್ ಜಾಕ್ಸನ್ ತನಗೆ ಈ ತೊಂದರೆ ಇದೆಯೆಂದು 1993ರಲ್ಲೇ ಟೀವಿಯಲ್ಲಿ ಹೇಳಿದ್ದ. 1996ರಲ್ಲಿ ಇದೇ ಮುಂಬಯಿಗೆ ಬಂದು ಹಾಡಿಯೂ ಹೋಗಿದ್ದ. ಇಷ್ಟೆಲ್ಲ ಹೆಸರುಗಳು ಬೇರೆಯವರು ಇಟ್ಟವು. ತಿಂಗಳುಗಟ್ಟಲೆ ಮಾತು ಬಿಟ್ಟ ಮೇಲೆ ಒಂದು ಸಂಜೆ ಮೆಟ್ಟಿಲ ಮೇಲೆ ಎದುರಾದಾಗ ರೇಣುವೇ ಮೊದಲು ಬಾಯಿ ತೆಗೆದು, ‘ನನಗ ಕೋಡ ಮೂಡ್ಯಾವ, ನೋಡ ಬಾ’ ಅಂದರೆ? ಕ್ಷಮೆ, ಕಣ್ಣೀರು, ಅಪ್ಪುಗೆ ಯಾವುದೂ ಬೇಕಾಗುವುದಿಲ್ಲ. ಅಲ್ಲಿ ಶೈಲಾ ಮೀನಿನ ಮಾತನ್ನು ಹೊರಹಾಕಬಹುದು. ರೇಣು ಆಶ್ಚರ್ಯದಿಂದ, ‘ನೀನೂ ಅದನ್ನs ಅಂದ್ಕೊಂಡಿದ್ದೇನು?’ ಎಂದು ಕೇಳಬಹುದು. ಡಾಕ್ಟರು ಆ ವೇಳೆಗಾಗಲೇ ಊಟದಿಂದ ಅಲ್ಲ ಎಂದು ಹೇಳಿಯಾಗಿದೆ. ಆದರೂ ಇಬ್ಬರಿಗೂ ಅದು ನಿಜ ಅನ್ನಿಸುವುದು ಆ ಮೆಟ್ಟಿಲ ಮೇಲೆ.

ಇದಾದ ಮೇಲೆ ರೇಣುವಿನ ಮಚ್ಚೆಯನ್ನು ದಯವಿಟ್ಟು ಗುಣಪಡಿಸಬೇಡಿ. ತೊನ್ನಿನಲ್ಲಿ ಕೆಲವರಿಗೆ ಔಷಧಿಯಿಂದ ಬಣ್ಣ ಮರಳುತ್ತದೆ, ಕೆಲವರಿಗೆ ಹರಡುತ್ತದೆ, ಕೆಲವರಿಗೆ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಮುಂದೇನೆಂದು ಮೊದಲೇ ಹೇಳಲಾಗದು. ಹಸ್ತಪ್ರತಿಯ ಒಂದು ಕಡೆ ಅವ್ವ ಬಾವಂಚಿ ಎಣ್ಣೆ ಹಚ್ಚಿ ಅವಳನ್ನು ಟೆರೇಸಿನ ಬಿಸಿಲಲ್ಲಿ ಕೂರಿಸುತ್ತಾಳೆ, ಚರ್ಮ ಬೊಬ್ಬೆಯೇಳುತ್ತದೆ. ಅದು ಸತ್ಯಕ್ಕೆ ಹತ್ತಿರ. ಬಾವಂಚಿಯಲ್ಲಿರುವ ಸೊರಾಲೆನ್ ಬಿಸಿಲಿಗೆ ಚರ್ಮವನ್ನು ಸೂಕ್ಷ್ಮವಾಗಿಸುತ್ತದೆ, ಅಳತೆ ತಪ್ಪಿದರೆ ಸುಡುತ್ತದೆ. ಅವ್ವನನ್ನು ಕೇಡಿಯಂತೆ ಚಿತ್ರಿಸದೆ ಹಾಗೇ ಉಳಿಸಿಕೊಂಡಿದ್ದೀರಿ, ಅದಕ್ಕಾಗಿ ನಿಮ್ಮ ಬಗ್ಗೆ ಗೌರವ ಮೂಡಿತು. ಮಗಳ ಬೊಬ್ಬೆಗೆ ಉಫ್ ಉಫ್ ಎಂದು ಊದುತ್ತ ಕೂತ ಆ ತಾಯಿಯನ್ನು ನಾನು ಮರೆಯಲಾರೆ.

ಈಗ ಕೊನೆ. ವೇದಿಕೆ ತೆಗೆಯಿರಿ. ಸೆಂಡ್-ಆಫ್‌ಗೆ ಹುಡುಗಿಯರೆಲ್ಲ ಸೀರೆ ಉಡುತ್ತಾರೆ ಎಂದು ನೀವೇ ಬರೆದಿದ್ದೀರಿ, ರೇಣು ಅವ್ವನ ಇಳಕಲ್ ಸೀರೆ ಉಡುತ್ತಾಳೆ, ಕುಪ್ಪಸಕ್ಕೆ ಊರಿನಿಂದ ಅಜ್ಜಿ ಕಳಿಸಿದ ಗುಳೇದಗುಡ್ಡದ ಖಣ ಇದೆ. ಹಾಗಿದ್ದರೆ ಸೆಂಡ್-ಆಫ್ ತನಕ ಹೋಗುವುದೇ ಬೇಡ, ಹತ್ತು ದಿನ ಮೊದಲು ಟೇಲರ್ ಅಂಗಡಿಯಲ್ಲೇ ನಿಲ್ಲಿಸಿ. ಖಣ ಅಂದರೆ ಚಿಕ್ಕ ತುಂಡು. ಒಂದು ಖಣದಲ್ಲಿ ಉದ್ದ ತೋಳು ಕೂರುವುದಿಲ್ಲ.

ಅವ್ವ ‘ಫುಲ್ ಬಾಹಿ’ ಅನ್ನುತ್ತಾಳೆ. ಟೇಲರ್ ಖಣ ಬಿಡಿಸಿ, ಮೇಜಿನ ಮೇಲೆ ಹರವಿ, ಅಂಗೈಯಿಂದ ಸವರಿ, ಇಷ್ಟರಲ್ಲಿ ಆಗುವುದಿಲ್ಲ ಅನ್ನುತ್ತಾನೆ. ಅವ್ವ ಬೇರೆ ಅರಿವಿ ತರುವ ಮಾತಾಡುತ್ತಾಳೆ, ಸೀರೆಗೆ ಹೊಂದುವುದು ಸಿಕ್ಕೀತೇ ಎಂದು ತನಗೆ ತಾನೇ ಲೆಕ್ಕ ಹಾಕುತ್ತಾಳೆ. ಶೈಲಾ ಬಾಗಿಲ ಬಳಿ ನಿಂತಿದ್ದಾಳೆ, ಏನೂ ಹೇಳುವುದಿಲ್ಲ. ಈ ಸಲ ಸುಮ್ಮನಿರುವುದು ಅವಳಿಗೆ ಗೊತ್ತಿದೆ. ರೇಣು ಸ್ವೆಟರಿನ ಅಂಚನ್ನು ಅಂಗೈಯಿಂದ ಬಿಡುತ್ತಾಳೆ. ‘ಎಲ್ಲಿತನಕ ಬರ್ತದ ಅಲ್ಲಿತನಕ ಇರ್ಲಿ’ ಅನ್ನುತ್ತಾಳೆ, ಟೇಲರಿಗೆ ಅರ್ಥವಾಗದೆ ಮತ್ತೊಮ್ಮೆ ಮರಾಠಿಯಲ್ಲಿ ಹೇಳುತ್ತಾಳೆ. ಅವನು ಟೇಪನ್ನು ಅವಳ ಭುಜದಿಂದ ಇಳಿಬಿಟ್ಟು ಮೊಣಕೈ ಹತ್ತಿರ ಹಿಡಿಯುತ್ತಾನೆ. ಅಲ್ಲಿ ಮಚ್ಚೆ ಅರ್ಧ ಟೇಪಿನ ಮೇಲೆ, ಅರ್ಧ ಕೆಳಗೆ. ಅವನು ಒಂದು ಸಲ ನೋಡುತ್ತಾನೆ, ಕಿವಿಯ ಮೇಲಿನ ಪೆನ್ಸಿಲ್ ತೆಗೆಯುತ್ತಾನೆ, ಚೀಟಿಯ ಮೇಲೆ ‘9’ ಎಂದು ಬರೆದು, ಮುಂದಿನ ಅಳತೆಗೆ ಅವಳನ್ನು ತಿರುಗಲು ಹೇಳುತ್ತಾನೆ.